ಹಳೇ ಲ್ಯಾಪ್‌ಟಾಪ್‌ನಲ್ಲಿ ಹೊಸ ಲೋಕ: ಇಂಡೀ ಫ್ಯಾಂಟಸಿ ಆರ್‌ಪಿಜಿ ಆಡುವವರಿಗೆ ಸಮಗ್ರ ಮಾರ್ಗದರ್ಶಿ

ಇಂಡೀ ಫ್ಯಾಂಟಸಿ ಆರ್‌ಪಿಜಿ ಅಂದ್ರೆ ಸಣ್ಣ ತಂಡಗಳು ಮಾಡಿದ, ಮಾಯಾಲೋಕದಲ್ಲಿ ನೀವೇ ಪಾತ್ರವಾಗಿ ಆಡುವ ಕಂಪ್ಯೂಟರ್ ಆಟ. ಇದನ್ನು ಆಡಲು ಗೇಮಿಂಗ್ ಪಿಸಿ ಬೇಕಿಲ್ಲ. ಹಳೇ ಲ್ಯಾಪ್‌ಟಾಪ್ ಸಾಕು. ಓದುವ ತಾಳ್ಮೆ ಬೇಕು, ಪಕ್ಕದಲ್ಲಿ ಒಂದು ನೋಟ್‌ಬುಕ್ ಇರಬೇಕು. ಇನ್ನೊಂದು ಬೇಕು, ಅದು ಅಂಗಡಿಯಲ್ಲಿ ಸಿಗಲ್ಲ: ಆಟದಲ್ಲಿ ಮಾಡಿದ್ದನ್ನು ಅಳಿಸಿ ಹಾಕದೆ, ಬಂದದ್ದನ್ನು ಅನುಭವಿಸುವ ಮನಸ್ಸು. ಮುಂದೆ ಹೇಳುವುದೆಲ್ಲ ಸುತ್ತಿ ಬಳಸಿ ಅಲ್ಲಿಗೇ ಬರುತ್ತದೆ.

ನಾನು ಸಕಲೇಶಪುರದ ಕಡೆಯವನು. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯದೇ ಕಾರುಬಾರು. ಮರ ಬಿತ್ತು ಅಂದ್ರೆ ಕರೆಂಟ್ ಹೋಯಿತು, ಕರೆಂಟ್ ಹೋಯಿತು ಅಂದ್ರೆ ನೆಟ್ಟೂ ಹೋಯಿತು. ಹಾಸನ ಪೇಟೆಯ ಗೆಳೆಯರು ರಾತ್ರಿಯೆಲ್ಲ ಆನ್‌ಲೈನ್‌ನಲ್ಲಿ ಗುಂಡು ಹಾರಿಸುತ್ತಾರೆ. ತೋಟದ ಮನೆಯಲ್ಲಿ ಅದು ಆಗದ ಮಾತು. ಪಂದ್ಯದ ನಡುವೆ ನೆಟ್ ಹೋದರೆ ಜೊತೆಗಾರರ ಬೈಗುಳ ಬೇರೆ. ಒಬ್ಬರೇ ಕೂತು ಆಡುವ ಟರ್ನ್ ಬೇಸ್ಡ್ ಆಟಕ್ಕೆ ಈ ತಾಪತ್ರಯ ಇಲ್ಲ. ನೀವು ಕೀ ಒತ್ತುವವರೆಗೂ ರಾಕ್ಷಸ ಕಾಯುತ್ತಾನೆ. ನೆಂಟರು ಬಂದರೆ ಎದ್ದು ಹೋಗಿ ಕಾಫಿ ಕೊಟ್ಟು, ಊರಿನ ಸಮಾಚಾರ ಎಲ್ಲ ಮುಗಿಸಿ ಬಂದರೂ ಅವನು ಅಲ್ಲೇ ಕತ್ತಿ ಎತ್ತಿಕೊಂಡು ನಿಂತಿರುತ್ತಾನೆ.

ಶುರು ಮಾಡುವ ಮುಂಚೆ: ಯಾವ ಆಟಗಳ ಮಾತು ಇದು?

2023ರಲ್ಲಿ ಬಂದ ಬಾಲ್ಡರ್ಸ್ ಗೇಟ್ 3 ಆಟವನ್ನು ಬೆಲ್ಜಿಯಂನ ಲೇರಿಯನ್ ಸ್ಟುಡಿಯೋಸ್ ತಾನೇ ಮಾಡಿ ತಾನೇ ಬಿಡುಗಡೆ ಮಾಡಿತು. ಹಾಗೆ ನೋಡಿದರೆ ಅದೂ ಸ್ವತಂತ್ರವೇ, ಅಂದ್ರೆ ಇಂಡೀಯೇ. ಆದರೆ ಅದರ ಹಿಂದೆ ನೂರಾರು ಜನರ ಕೆಲಸ ಇದೆ, ಹಾಕಿಕೊಳ್ಳಲು 150 ಜಿಬಿ ಜಾಗ ಬೇಕು. ನಾನು ಹೇಳುತ್ತಿರುವುದು ಒಬ್ಬರೋ ಇಬ್ಬರೋ, ಹೆಚ್ಚೆಂದರೆ ಒಂದು ಸಣ್ಣ ತಂಡವೋ ಮಾಡಿದ ಆಟಗಳ ಬಗ್ಗೆ. 2015ರ ಅಂಡರ್‌ಟೇಲ್ ಬಹುಪಾಲು ಟೋಬಿ ಫಾಕ್ಸ್ ಒಬ್ಬರದೇ ಕೆಲಸ. ಕಥೆ, ಪ್ರೋಗ್ರಾಮ್, ಸಂಗೀತ ಎಲ್ಲ ಅವರದೇ. ಅದಕ್ಕೆ 200 ಎಂಬಿ ಜಾಗ ಸಾಕು.

ಇನ್ನೊಬ್ಬರ ಹೆಸರು ಈ ಬರಹದಲ್ಲಿ ಮತ್ತೆ ಮತ್ತೆ ಬರುತ್ತದೆ, ಯಾಕೆಂದರೆ ನಾನು ಅವರ ಅಭಿಮಾನಿ. ಅಮೆರಿಕದ ಸಿಯಾಟಲ್‌ನ ಜೆಫ್ ವೋಗಲ್. 1994ರಲ್ಲಿ ಸ್ಪೈಡರ್‌ವೆಬ್ ಸಾಫ್ಟ್‌ವೇರ್ ಅಂತ ಶುರು ಮಾಡಿ ಅಂದಿನಿಂದ ಇದೇ ಕಸುಬು. 1995ರಲ್ಲಿ ಎಕ್ಸೈಲ್ ಅಂತ ಒಂದು ಆಟ ಮಾಡಿದರು. ಸಾಮ್ರಾಜ್ಯಕ್ಕೆ ಬೇಡವಾದವರನ್ನೆಲ್ಲ ಭೂಮಿಯ ಕೆಳಗಿನ ಗುಹೆಗಳಿಗೆ ತಳ್ಳುತ್ತಾರೆ, ವಾಪಸ್ ಬರೋಕೆ ದಾರಿ ಇಲ್ಲ. ಅಲ್ಲಿ ಅಣಬೆ ತಿಂದು ಬದುಕುವ ಜನರದ್ದೇ ಒಂದು ದೇಶ. ಅದೇ ಕಥೆಯನ್ನು 2000ದ ಹೊತ್ತಿಗೆ ಅವರ್ನಮ್ ಅಂತ ಹೊಸದಾಗಿ ಮಾಡಿದರು, 2011ರಲ್ಲಿ ಅವರ್ನಮ್: ಎಸ್ಕೇಪ್ ಫ್ರಮ್ ದ ಪಿಟ್ ಅಂತ ಮತ್ತೊಮ್ಮೆ. ಒಂದೇ ಆಟವನ್ನು ಮೂರು ಸಲ ಕಟ್ಟುವ ಹಟ ದೊಡ್ಡ ಕಂಪನಿಗಳಲ್ಲಿ ಕಾಣೋದು ಕಡಿಮೆ.

ಇಂಥ ಆಟಗಳ ಚಿತ್ರ ನೋಡಿ ಮೂಗು ಮುರಿಯಬೇಡಿ. ಇಲ್ಲಿ ಒಂದು ಲೆಕ್ಕಾಚಾರ ಇದೆ. ದೊಡ್ಡ ಆಟದಲ್ಲಿ ಒಬ್ಬ ರಾಜ ನಿಮ್ಮ ಮೇಲೆ ಸಿಟ್ಟಾಗಬೇಕು ಅಂದ್ರೆ ನಟ ಬೇಕು, ಧ್ವನಿ ಬೇಕು, ಮುಖದ ಅನಿಮೇಷನ್ ಬೇಕು. ಹಾಗಾಗಿ ರಾಜ ಒಂದೇ ರೀತಿ ಸಿಟ್ಟಾಗುತ್ತಾನೆ. ಸಣ್ಣ ಆಟದಲ್ಲಿ ಅದಕ್ಕೆ ನಾಲ್ಕು ಸಾಲು ಬರೆದರೆ ಸಾಕು. ಬರೆಯುವುದು ಅಗ್ಗ. ಆದ್ದರಿಂದ ರಾಜ ಐದು ರೀತಿ ಸಿಟ್ಟಾಗಬಹುದು, ನೀವು ಹೋದ ವಾರ ಅವನ ಸೈನಿಕನನ್ನು ಕೊಂದಿದ್ದನ್ನು ಎತ್ತಿ ಆಡಬಹುದು. ಈ ಆಟಗಳಲ್ಲಿ ನಿಮ್ಮ ತೀರ್ಮಾನಕ್ಕೆ ಬೆಲೆ ಇರುವುದು ಈ ಕಾರಣಕ್ಕೆ.

ಹೆಜ್ಜೆ 1: ಕಂಪ್ಯೂಟರ್ ಸಿದ್ಧ ಮಾಡಿಕೊಳ್ಳಿ

ಹಾಸಿಗೆ ಇದ್ದಷ್ಟು ಕಾಲು ಚಾಚಿ. ಮೊದಲು ನಿಮ್ಮ ಹತ್ತಿರ ಏನಿದೆ ನೋಡಿಕೊಳ್ಳಿ. ವಿಂಡೋಸ್‌ನಲ್ಲಿ ಸೆಟಿಂಗ್ಸ್, ಸಿಸ್ಟಮ್, ಅಬೌಟ್ ಅಂತ ಹೋದರೆ ಪ್ರೊಸೆಸರ್, ರ‍್ಯಾಮ್ ಎಲ್ಲ ಕಾಣುತ್ತದೆ. ಆಟ ಮಾರುವ ಪುಟದ ಕೆಳಗೆ ಅದಕ್ಕೆ ಏನು ಬೇಕು ಅಂತ ಬರೆದಿರುತ್ತಾರೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. 4 ಜಿಬಿ ರ‍್ಯಾಮ್ ಇರುವ ಯಂತ್ರದಲ್ಲೂ ಇಲ್ಲಿ ಹೇಳುವ ಹಳೇ ಶೈಲಿಯ ಆಟಗಳಲ್ಲಿ ಬಹುಪಾಲು ನಡೆಯುತ್ತವೆ. ದುಡ್ಡು ಹಾಕಲೇಬೇಕು ಅಂತಿದ್ದರೆ ಗ್ರಾಫಿಕ್ಸ್ ಕಾರ್ಡ್ ಆಸೆ ಬಿಟ್ಟು ಒಂದು ಎಸ್‌ಎಸ್‌ಡಿ (ವೇಗದ ಸ್ಟೋರೇಜ್ ಡ್ರೈವ್), ಒಂದು ಒಳ್ಳೆ ಮೌಸ್ ತಗೊಳ್ಳಿ. ಟಚ್‌ಪ್ಯಾಡ್‌ನಲ್ಲಿ ಈ ಆಟ ಆಡುವುದು ಬೆರಳಿಗೆ ಶಿಕ್ಷೆ.

ನಮ್ಮ ಕಡೆಯವರಿಗೆ ಮಾತ್ರ ಎರಡು ಮಾತು. ಒಂದು, ಮಳೆಗಾಲದಲ್ಲಿ ಲ್ಯಾಪ್‌ಟಾಪನ್ನು ವಾರಗಟ್ಟಲೆ ಮುಚ್ಚಿ ಇಡಬೇಡಿ, ತೇವ ಹಿಡಿಯುತ್ತದೆ. ದಿನಕ್ಕೆ ಸ್ವಲ್ಪ ಹೊತ್ತು ಆನ್ ಮಾಡಿದರೆ ಅದರ ಬಿಸಿಗೇ ಒಣಗುತ್ತದೆ. ಆಟ ಆಡೋಕೆ ಇದಕ್ಕಿಂತ ಒಳ್ಳೆ ನೆಪ ಬೇಕಾ? ಚೀಲದಲ್ಲಿ ಇಡುವಾಗ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಎರಡು, ಏಪ್ರಿಲ್, ಮೇ ತಿಂಗಳ ಗುಡುಗು ಮಿಂಚಿಗೆ ಚಾರ್ಜರ್ ಪ್ಲಗ್ ಕಿತ್ತು ಬಿಡಿ. ಮೋಡೆಮ್‌ನ ಅಡಾಪ್ಟರನ್ನೂ ಮರೆಯಬೇಡಿ. ಬ್ಯಾಟರಿ ಮೇಲೆ ಆಡಿ, ಇಂಥ ಆಟ ಬ್ಯಾಟರಿಯನ್ನು ಅಷ್ಟಾಗಿ ತಿನ್ನುವುದಿಲ್ಲ.

ಹೆಜ್ಜೆ 2: ಮೊದಲ ಆಟ ಆರಿಸಿ

ಒಂದೇ ಒಂದು ಆರಿಸಿ. ಐದು ಆಟ ಇಳಿಸಿಕೊಂಡವರು ಒಂದನ್ನೂ ಮುಗಿಸಲ್ಲ.

ದುಡ್ಡು ಹಾಕುವ ಮುಂಚೆ ರುಚಿ ನೋಡಬೇಕು ಅನ್ನುವವರಿಗೆ ಬ್ಯಾಟಲ್ ಫಾರ್ ವೆಸ್ನಾತ್ ಇದೆ. 2003ರಿಂದ ಇದೆ, ಪೂರ್ತಿ ಉಚಿತ, ಓಪನ್ ಸೋರ್ಸ್. ಇದು ಅರ್ಧ ಸೈನ್ಯದಾಟ, ಅರ್ಧ ಆರ್‌ಪಿಜಿ. ನಿಮ್ಮ ಬಿಲ್ಲುಗಾರ ಯುದ್ಧ ಮಾಡಿ ಮಾಡಿ ಲೆವೆಲ್ ಏರುತ್ತಾನೆ, ಮುಂದಿನ ಯುದ್ಧಕ್ಕೆ ಅವನನ್ನೇ ಕರೆಸಿಕೊಳ್ಳಬಹುದು, ಸತ್ತರೆ ಸತ್ತ. ಹಗಲು ರಾತ್ರಿಯ ಲೆಕ್ಕವೂ ಇದೆ. ನ್ಯಾಯದ ಕಡೆಯ ಸೈನಿಕರಿಗೆ ಹಗಲಲ್ಲಿ ಶೇ 25 ಬಲ ಜಾಸ್ತಿ, ರಾತ್ರಿ ಅಷ್ಟೇ ಕಡಿಮೆ. ಓರ್ಕ್ ಅನ್ನುವ ರಾಕ್ಷಸರಿಗೆ ಇದರ ಉಲ್ಟಾ. ರಾತ್ರಿ ಹಿಂದೆ ಸರಿದು ಹಳ್ಳಿ ಹಿಡಿದು ಕೂರುವುದು, ಬೆಳಗಾದ ಮೇಲೆ ನುಗ್ಗುವುದು. ಇಷ್ಟು ಕಲಿತರೆ ಮೊದಲ ಕೆಲವು ಯುದ್ಧ ಗೆಲ್ಲಬಹುದು.

ಕಂಪ್ಯೂಟರೇ ಇಲ್ಲ, ಫೋನ್ ಮಾತ್ರ ಅಂದ್ರೆ ಶಾಟರ್ಡ್ ಪಿಕ್ಸೆಲ್ ಡಂಜನ್. ಆಂಡ್ರಾಯ್ಡ್‌ನಲ್ಲಿ ಉಚಿತ, ನೆಟ್ ಬೇಡ. 26 ಮಹಡಿಯ ನೆಲಮಾಳಿಗೆ. ಸತ್ತರೆ ಮೊದಲಿಂದ. ಔಷಧಿಗಳ ಬಣ್ಣ ಪ್ರತಿ ಆಟಕ್ಕೂ ಬದಲಾಗುತ್ತದೆ, ಹೋದ ಸಲ ಪ್ರಾಣ ಉಳಿಸಿದ ನೀಲಿ ಈ ಸಲ ಬೆಂಕಿ ಹಚ್ಚಬಹುದು. ಗೊತ್ತಿಲ್ಲದ ಔಷಧಿ ಕುಡಿಯುವುದಾದರೆ ಹತ್ತಿರ ಶತ್ರು ಇಲ್ಲದಾಗ, ನೀರಿನ ಪಕ್ಕ ನಿಂತು ಕುಡಿಯಿರಿ. ಬೆಂಕಿ ಹತ್ತಿದರೆ ನೀರಿಗೆ ಕಾಲಿಟ್ಟರೆ ಆಯಿತು.

ದುಡ್ಡು ಕೊಟ್ಟು ಕೊಳ್ಳುವವರಿಗೆ ನನ್ನ ಆಯ್ಕೆ ಅವರ್ನಮ್: ಎಸ್ಕೇಪ್ ಫ್ರಮ್ ದ ಪಿಟ್, ಇಲ್ಲವೇ ಅದೇ ವೋಗಲ್ ಅವರ ಜೀನ್‌ಫೋರ್ಜ್ 1: ಮ್ಯುಟಾಜೆನ್. ಮೊದಲನೆಯದು ಊರು ಸುತ್ತುವವರಿಗೆ, ಎರಡನೆಯದು ವಾದ ಮಾಡುವವರಿಗೆ. ಡಾರ್ಕೆಸ್ಟ್ ಡಂಜನ್ (2016) ಚೆನ್ನಾಗಿದೆ, ಆದರೆ ಮೊದಲನೆಯದಾಗಿ ಬೇಡ. ಆಟಗಾರನ ಮನಸ್ಸು ಮುರಿಯುವುದೇ ಅದರ ಕೆಲಸ.

ಇಂಗ್ಲಿಷ್ ಓದೋಕೆ ಕಷ್ಟ ಅಂತ ಹಿಂಜರಿಯುವವರು ಬಹಳ. ನಿಜ, ಈ ಆಟಗಳಲ್ಲಿ ಓದು ಜಾಸ್ತಿ. ಆದರೆ ಟರ್ನ್ ಬೇಸ್ಡ್ ಆಟದಲ್ಲಿ ಯಾರೂ ಅವಸರ ಮಾಡಲ್ಲ. ಒಂದು ಪ್ಯಾರಾ ಎರಡು ಸಲ ಓದಿ. ಅರ್ಥವಾಗದಿದ್ದರೆ ಫೋನಿನಲ್ಲಿ ಗೂಗಲ್ ಟ್ರಾನ್ಸ್‌ಲೇಟ್ ಕ್ಯಾಮೆರಾ ಪರದೆಗೆ ಹಿಡಿದರೆ ಕನ್ನಡದಲ್ಲಿ ಬರುತ್ತದೆ. ಅನುವಾದ ಒರಟು, ಆದರೆ ವಿಷಯ ತಿಳಿಯುತ್ತದೆ. ಇನ್ನೂ ಒಳ್ಳೆಯದು ಇಬ್ಬರು ಕೂತು ಆಡುವುದು. ಒಬ್ಬರು ಓದಿ ಹೇಳಬೇಕು, ಒಬ್ಬರು ಮೌಸ್ ಹಿಡಿಯಬೇಕು.

ಹೆಜ್ಜೆ 3: ಕೊಳ್ಳುವುದು, ಇಳಿಸಿಕೊಳ್ಳುವುದು

ಸ್ಟೀಮ್ ಅನ್ನುವ ಆನ್‌ಲೈನ್ ಆಟದಂಗಡಿಯಲ್ಲಿ ಬೆಲೆ ರೂಪಾಯಿಯಲ್ಲೇ ಇದೆ, ಯುಪಿಐ ನಡೆಯುತ್ತದೆ. ಡೆಮೊ ಇದ್ದರೆ ಮೊದಲು ಅದನ್ನು ಆಡಿ. ಕೊಂಡ ಮೇಲೆ ಹಿಡಿಸಲಿಲ್ಲವೇ? ಕೊಂಡು 14 ದಿನ ದಾಟಿರಬಾರದು, ಆಡಿದ್ದು 2 ಗಂಟೆಗಿಂತ ಕಡಿಮೆ ಇರಬೇಕು, ಹಾಗಿದ್ದರೆ ದುಡ್ಡು ವಾಪಸ್ ಕೇಳಬಹುದು. ಈ ಜಾತಿಯ ಆಟಕ್ಕೆ ಎರಡು ಗಂಟೆ ಏನೇನೂ ಸಾಲದು ಅನ್ನುವುದು ನನ್ನ ತಕರಾರು. ಪಾತ್ರ ಮಾಡಿಕೊಳ್ಳೋಕೇ ಅರ್ಧ ಗಂಟೆ ಹೋಗಿರುತ್ತದೆ. ಗಾಗ್ (GOG) ಅನ್ನುವ ಇನ್ನೊಂದು ಅಂಗಡಿಯಲ್ಲಿ 30 ದಿನದ ಅವಕಾಶ ಇದೆ.

ತೋಟದ ಮನೆಯವರಿಗೆ ಗಾಗ್ ಇಷ್ಟವಾಗಲು ಬೇರೆ ಕಾರಣವೂ ಉಂಟು. ಅಲ್ಲಿ ಆಟದ ಇನ್‌ಸ್ಟಾಲರ್ ಫೈಲನ್ನೇ ಇಳಿಸಿಕೊಳ್ಳಬಹುದು. ಹಾಸನಕ್ಕೋ ಚಿಕ್ಕಮಗಳೂರಿಗೋ ಹೋದಾಗ ನೆಂಟರ ಮನೆಯ ವೈಫೈನಲ್ಲಿ ಇಳಿಸಿ ಪೆನ್‌ಡ್ರೈವ್‌ಗೆ ಹಾಕಿಕೊಂಡರೆ ಮುಗಿಯಿತು. ಮನೆಗೆ ಬಂದು ನೆಟ್ ಇಲ್ಲದೆ ಹಾಕಿಕೊಳ್ಳಬಹುದು. ಸ್ಟೀಮ್‌ನಲ್ಲಿ ಕೊಂಡವರು ನೆಟ್ ಇರುವಾಗಲೇ ಲಾಗಿನ್ ಆಗಿ, ಆಟವನ್ನು ಒಂದು ಸಲ ತೆರೆದು, ಆಮೇಲೆ ಆಫ್‌ಲೈನ್ ಮೋಡ್‌ಗೆ ಹೋಗಿ. ಮರ ಬಿದ್ದ ಮೇಲೆ ಲಾಗಿನ್ ಮಾಡಲು ಕೂತರೆ ಆಗಲ್ಲ.

ಸೇಲ್ ಬಂದಾಗ ಜೋಪಾನ. ಬಿಟ್ಟಿ ಸಿಕ್ಕರೆ ನನಗೂ ಇರಲಿ ನಮ್ಮಪ್ಪನಿಗೂ ಇರಲಿ ಅಂತ ಬುಟ್ಟಿ ತುಂಬುವವರೇ ಎಲ್ಲ. ಸ್ಟೀಮ್‌ನ ಚಳಿಗಾಲದ ಸೇಲ್ ಬರುವುದು ಡಿಸೆಂಬರ್ ಕೊನೆಗೆ, ನಮ್ಮಲ್ಲಿ ಕಾಫಿ ಕೊಯ್ಲಿನ ಭರಾಟೆ, ಆಡಲು ಯಾರಿಗೆ ಪುರುಸೊತ್ತು? ಬೇಸಿಗೆ ಸೇಲ್ ಮಾತ್ರ ಜೂನ್ ಕೊನೆಗೆ ಬರುತ್ತದೆ. ಅವರಿಗೆ ಬೇಸಿಗೆ, ನಮಗೆ ಮಳೆ. ಮಲೆನಾಡಿಗರು ಕೊಳ್ಳಬೇಕಾದದ್ದು ಆಗ.

ಕ್ರ್ಯಾಕ್ ಮಾಡಿದ ಕಾಪಿ ಬೇಡ. ವೈರಸ್ ಮಾತು ಹಾಗಿರಲಿ, ಇಬ್ಬರು ಮೂವರು ಮಾಡಿದ ಆಟ ಕದ್ದರೆ ನಷ್ಟ ನೇರ ಅವರ ಮನೆಗೆ.

ಹೆಜ್ಜೆ 4: ಪಾರ್ಟಿ ಕಟ್ಟಿ

ಅವರ್ನಮ್‌ನಲ್ಲಿ ನಾಲ್ಕು ಜನರ ಪಾರ್ಟಿ, ಅಂದ್ರೆ ನೀವು ನಡೆಸುವ ತಂಡ. ಮುಂದೆ ನಿಂತು ಏಟು ತಿನ್ನುವವನು ಒಬ್ಬ, ದೂರದಿಂದ ಹೊಡೆಯುವವನು ಒಬ್ಬ, ಬೆಂಕಿ ಮಂತ್ರದವಳು ಒಬ್ಬಳು, ಗಾಯ ಮಾಯಿಸುವವಳು ಒಬ್ಬಳು. 1974ರಲ್ಲಿ ಡಂಜನ್ಸ್ ಅಂಡ್ ಡ್ರಾಗನ್ಸ್ ಅನ್ನುವ ಆಟ ಮೇಜಿನ ಮೇಲೆ ಶುರುವಾದಾಗಿನಿಂದ ಈ ವಿಂಗಡಣೆ ಹೆಚ್ಚು ಕಡಿಮೆ ಹೀಗೇ ಇದೆ. ಹೊಸಬರು ಬದಲಿಸಲು ಹೋಗಬೇಡಿ.

ಕೌಶಲಗಳಿಗೆ ಪಾಯಿಂಟ್ ಹಂಚುವಾಗ ಎಲ್ಲರಿಗೂ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಕೊಡುವ ದಯೆ ಬೇಡ. ಕತ್ತಿಯವನಿಗೆ ಕತ್ತಿ, ಮಂತ್ರದವಳಿಗೆ ಮಂತ್ರ. ಬೀಗ ತೆಗೆಯುವ ಕೌಶಲಕ್ಕೆ ಶುರುವಿನಿಂದಲೇ ಪಾಯಿಂಟ್ ಹಾಕಿ. ಬಾಗಿಲ ಹಿಂದೆ ಏನಿತ್ತು ಅಂತ ಕೊನೆವರೆಗೂ ಕೊರಗುವುದು ತಪ್ಪುತ್ತದೆ. ಕಷ್ಟದ ಮಟ್ಟ ಕೇಳಿದಾಗ ನಾರ್ಮಲ್ ಅನ್ನಿ. ಅದರಲ್ಲಿ ಟಾರ್ಮೆಂಟ್ ಅಂತಲೂ ಒಂದಿದೆ, ಅದು ಹಿಂಸೆಯೇ. ತೀರಾ ಏಟು ತಿನ್ನುತ್ತಿದ್ದರೆ ಕ್ಯಾಶುವಲ್‌ಗೆ ಇಳಿಸಿ. ಕಥೆಗೆ ಬಂದವರು ಕಥೆ ನೋಡಲಿ, ಯಾರೂ ಮೆಡಲ್ ಕೊಡಲ್ಲ.

ಹೆಸರು ಇಡುವಾಗ ಆಟ ಕೊಟ್ಟ ಹೆಸರನ್ನು ಹಾಗೇ ಬಿಡಬೇಡಿ. ನನ್ನ ಕತ್ತಿಯವನಿಗೆ ಯಾವಾಗಲೂ ಸಳ ಅಂತಲೇ ಹೆಸರು. ಬೇಲೂರಿನ ದೇವಸ್ಥಾನದಲ್ಲಿ ಅವನು ಇವತ್ತಿಗೂ ಆ ಮೃಗದ ಜೊತೆ ಹೋರಾಡುತ್ತಾ ನಿಂತಿದ್ದಾನೆ. ಮಂತ್ರದವಳು ಶಾಂತಲೆ. ಹೆಸರು ನಮ್ಮದಾದರೆ ಆ ಪಾತ್ರವನ್ನು ಸುಮ್ನೆ ಸಾಯಲು ಬಿಡಲ್ಲ ನಾವು.

ಹೆಜ್ಜೆ 5: ಮೊದಲ ಸಂಜೆ

ಗುಹೆಗೆ ಓಡಬೇಡಿ. ಶುರುವಾದ ಊರಲ್ಲಿ ಎಲ್ಲರನ್ನೂ ಮಾತಾಡಿಸಿ. ಯಾರು ಏನು ಕೊಳ್ಳುತ್ತಾರೆ, ಯಾರು ಯಾರನ್ನು ಕಂಡರೆ ಆಗಲ್ಲ, ಯಾವ ದಾರಿಯಲ್ಲಿ ಕಳ್ಳರು. ನೋಟ್‌ಬುಕ್‌ನಲ್ಲಿ ಬರೆಯಿರಿ. ಆಟದಲ್ಲೇ ಕ್ವೆಸ್ಟ್ ಪಟ್ಟಿ ಇರುತ್ತದೆ, ಆದರೆ ಅದು ಕೆಲಸ ನೆನಪಿಸುತ್ತದೆ ಅಷ್ಟೇ. 'ಈ ಸೇನಾಪತಿ ಸುಳ್ಳು ಹೇಳುತ್ತಿದ್ದಾನೆ ಅನಿಸುತ್ತೆ' ಅಂತ ಅದರಲ್ಲಿ ಬರೆದಿರಲ್ಲ. ಅದನ್ನು ನೀವೇ ಬರೆಯಬೇಕು.

ಚೀಲದ ಗೀಳು ಬೇಡ. ಬಿದ್ದ ಚಮಚ, ಬಟ್ಟಲು, ಮುರಿದ ಕತ್ತಿ ಎಲ್ಲ ಆರಿಸುತ್ತಾ ಕೂತರೆ ಗುಜರಿ ವ್ಯಾಪಾರ ಆಗುತ್ತದೆ. ಬೆಲೆ ಬಾಳುವುದು, ಔಷಧಿ, ಆಯುಧ. ಉಳಿದದ್ದು ಅಲ್ಲೇ ಇರಲಿ.

ಹೆಜ್ಜೆ 6: ನಕ್ಷೆ ಕೈಯಲ್ಲೇ ಬರೆಯಿರಿ

ಇದನ್ನು ಯಾರೂ ಮಾಡಲ್ಲ, ಅದಕ್ಕೇ ಒತ್ತಿ ಹೇಳುತ್ತೇನೆ.

ಸಕಲೇಶಪುರದ ಹತ್ತಿರ ದೋಣಿಗಾಲ್ ಗುಡ್ಡದ ಮೇಲೆ ಟಿಪ್ಪು 1792ರಲ್ಲಿ ಕಟ್ಟಿಸಿದ ಮಂಜರಾಬಾದ್ ಕೋಟೆ ಇದೆ. ಡ್ರೋನ್ ಫೋಟೋದಲ್ಲಿ ಎಂಟು ಮೂಲೆಯ ನಕ್ಷತ್ರ. ಒಳಗೆ ನಡೆದಾಡುವವನಿಗೆ ನಕ್ಷತ್ರ ಎಲ್ಲಿ ಕಾಣಬೇಕು? ಗೋಡೆ ತಿರುಗುತ್ತದೆ, ಮತ್ತೆ ತಿರುಗುತ್ತದೆ, ಅಷ್ಟೇ. ಒಂದು ಹಾಳೆಯಲ್ಲಿ ಪ್ರತಿ ತಿರುವನ್ನೂ ಗೆರೆ ಎಳೆಯುತ್ತಾ ಹೋದರೆ ಸುತ್ತು ಮುಗಿಯುವ ಹೊತ್ತಿಗೆ ಆಕಾರ ಹಾಳೆಯ ಮೇಲೆ ಬಂದು ಕೂರುತ್ತದೆ. ಡಂಜನ್, ಅಂದ್ರೆ ಆಟದ ನೆಲಮಾಳಿಗೆಯ ನಕ್ಷೆ ಬರೆಯುವುದೂ ಹಾಗೆಯೇ.

ಇದಕ್ಕೆ ಒಳ್ಳೆಯ ಆಟ 2012ರ ಲೆಜೆಂಡ್ ಆಫ್ ಗ್ರಿಮ್‌ರಾಕ್. ಫಿನ್‌ಲೆಂಡ್‌ನ ಆಲ್ಮೋಸ್ಟ್ ಹ್ಯೂಮನ್ ಅನ್ನುವ ಸಣ್ಣ ತಂಡದ್ದು. ನಾಲ್ಕು ಕೈದಿಗಳನ್ನು ಒಂದು ಬೆಟ್ಟದ ನೆತ್ತಿಯಿಂದ ಒಳಗೆ ತಳ್ಳುತ್ತಾರೆ, ಕೆಳಗೆ ಇಳಿಯುತ್ತಾ ಹೊರಗೆ ಬರಬೇಕು. ಪಂಜು ಉರಿದು ಮುಗಿಯುತ್ತದೆ, ಹೊಟ್ಟೆ ಹಸಿಯುತ್ತದೆ. ಶುರುವಿನಲ್ಲಿ ಓಲ್ಡ್ ಸ್ಕೂಲ್ ಮೋಡ್ ಅಂತ ಒಂದು ಆಯ್ಕೆ ಇದೆ. ಅದನ್ನು ಒತ್ತಿದರೆ ಆಟ ನಕ್ಷೆ ಬರೆದು ಕೊಡುವುದನ್ನು ನಿಲ್ಲಿಸುತ್ತದೆ. ಒತ್ತಿ.

ಆಮೇಲೆ ಸ್ಟೇಷನರಿ ಅಂಗಡಿಯಿಂದ ಗ್ರಾಫ್ ಶೀಟ್ ತನ್ನಿ. ಆಟದಲ್ಲಿ ಒಂದು ಹೆಜ್ಜೆ ಅಂದ್ರೆ ಒಂದು ಚೌಕ. ಒಂದು ಮಹಡಿ 32 ಚೌಕ ಉದ್ದ, 32 ಚೌಕ ಅಗಲದೊಳಗೆ ಮುಗಿಯುತ್ತದೆ, ಅಷ್ಟಕ್ಕೆ ಚೌಕಟ್ಟು ಹಾಕಿಕೊಳ್ಳಿ. ಪೆನ್ಸಿಲ್‌ನಲ್ಲಿ ಬರೆಯಿರಿ. ಗೋಡೆಗೆ ಗೆರೆ, ಬಾಗಿಲಿಗೆ ಅಡ್ಡ ಗೀಟು, ಹಳ್ಳಕ್ಕೆ ಸೊನ್ನೆ, ಬೀಗಕ್ಕೆ ಒಂದು ಗುರುತು. ಬರೆಯುತ್ತಾ ಹೋದಂತೆ ನಡುವೆ ಎಲ್ಲೋ ಸುತ್ತಲೂ ದಾರಿ ಇದ್ದು, ತಾನು ಮಾತ್ರ ಖಾಲಿ ಉಳಿದ ಒಂದು ಜಾಗ ಕಾಣುತ್ತದೆ. ಅಲ್ಲಿ ಗುಟ್ಟಿನ ಕೋಣೆ ಇರುವ ಸಾಧ್ಯತೆ ಜಾಸ್ತಿ. ಆ ಜಾಗಕ್ಕೆ ಅಂಟಿಕೊಂಡ ಗೋಡೆಗಳ ಕಲ್ಲು ಕಲ್ಲನ್ನೂ ನೋಡುತ್ತಾ ಹೋಗಿ. ಒಂದು ಕಲ್ಲಿನಲ್ಲಿ ಚಿಕ್ಕ ಗುಂಡಿ ಇರುತ್ತದೆ, ಒತ್ತಿದರೆ ಗೋಡೆ ಸರಿಯುತ್ತದೆ. ಆ ಸಂತೋಷ ಯಾವ ಗ್ರಾಫಿಕ್ಸ್ ಕಾರ್ಡೂ ಕೊಡಲ್ಲ.

ಒಂದು ಎಚ್ಚರಿಕೆ: ಗ್ರಿಮ್‌ರಾಕ್‌ನಲ್ಲಿ ಕಾಳಗ ಟರ್ನ್ ಬೇಸ್ಡ್ ಅಲ್ಲ. ಅಲ್ಲಿ ನೆಂಟರು ಬಂದರೆ ಆಟ ತಡೆಹಿಡಿಯುವ ಪಾಜ್ ಒತ್ತಿ ಏಳಬೇಕು.

ಹೆಜ್ಜೆ 7: ಕಾಳಗ

ಅವರ್ನಮ್ ಥರದ ಆಟದಲ್ಲಿ ಕಾಳಗ ಗೆಲ್ಲುವುದು ಬಾಗಿಲಲ್ಲಿ. ಆರು ಗಾಬ್ಲಿನ್‌ಗಳು (ಕುಳ್ಳ ರಾಕ್ಷಸರು) ಒಂದು ಕೋಣೆಯಲ್ಲಿ ಇವೆ ಅಂದುಕೊಳ್ಳಿ. ನೀವು ಒಳಗೆ ನುಗ್ಗಿದರೆ ಆರೂ ಸುತ್ತುವರಿಯುತ್ತವೆ. ಕಣ್ಣಿಗೆ ಬಿದ್ದು, ಹಿಂದಕ್ಕೆ ಬಂದು, ಸಳನನ್ನು ಬಾಗಿಲಲ್ಲಿ ನಿಲ್ಲಿಸಿ. ಈಗ ಕೈ ಬೀಸಲು ಜಾಗ ಒಂದೋ ಎರಡೋ ಗಾಬ್ಲಿನ್‌ಗೆ ಮಾತ್ರ. ಹಿಂದಿನಿಂದ ಶಾಂತಲೆ ಬೆಂಕಿ ಎಸೆಯುತ್ತಾಳೆ, ಬಿಲ್ಲಿನವನು ಬಾಣ ಬಿಡುತ್ತಾನೆ. ನಾಲ್ವರೂ ಒಂದನ್ನೇ ಹೊಡೆಯಿರಿ. ಅರ್ಧ ಪ್ರಾಣದ ಗಾಬ್ಲಿನ್ ಕೂಡ ಪೂರ್ತಿ ಬಲದಿಂದಲೇ ಹೊಡೆಯುತ್ತದೆ. ಸತ್ತ ಗಾಬ್ಲಿನ್ ಹೊಡೆಯಲ್ಲ. ಮಂತ್ರವಾದಿ ಕಂಡರೆ ಅವನೇ ಮೊದಲು.

ಔಷಧಿ ಬಳಸಿ. ಮುಂದೆ ಬೇಕಾಗುತ್ತದೆ ಅಂತ ಕೂಡಿಟ್ಟು, ಚೀಲದ ತುಂಬ ಔಷಧಿ ಇಟ್ಟುಕೊಂಡೇ ಸಾಯುವವರು ಎಲ್ಲೆಲ್ಲೂ ಇದ್ದಾರೆ. ಗೆಲ್ಲಲು ಆಗದ್ದು ಅನಿಸಿದರೆ ಓಡಿ. ಊರಿಗೆ ಬಂದು ಚೇತರಿಸಿಕೊಂಡು, ಇನ್ನೊಂದು ಕಡೆಯ ಕೆಲಸ ಮಾಡಿ, ಎರಡು ಲೆವೆಲ್ ಏರಿ ವಾಪಸ್ ಹೋಗಿ. ಗುಹೆ ಎಲ್ಲಿಗೂ ಹೋಗಲ್ಲ.

ಹೆಜ್ಜೆ 8: ಸೇವ್ ಮಾಡುವ ನಿಯಮ

ಇಲ್ಲಿ ನನ್ನ ಮಾತು ಹಲವರಿಗೆ ಹಿಡಿಸಲ್ಲ. ಆದರೂ ಹೇಳುತ್ತೇನೆ.

ಸೇವ್ ಧಾರಾಳವಾಗಿ ಮಾಡಿ, ಲೋಡ್ (ಸೇವ್ ಮಾಡಿದಲ್ಲಿಗೆ ವಾಪಸ್ ಹೋಗುವುದು) ಜಿಪುಣತನದಿಂದ ಮಾಡಿ. ಪಾರ್ಟಿ ಪೂರ್ತಿ ಸತ್ತರೆ ಲೋಡ್ ಮಾಡಬಹುದು. ಕರೆಂಟ್ ಹೋಗಿ ಆಟ ನಿಂತರೆ ಲೋಡ್ ಮಾಡಬಹುದು. ತಪ್ಪು ಮಾತಾಡಿ ದ್ವಾರಪಾಲಕ ಸಿಟ್ಟಾದ ಅನ್ನುವ ಕಾರಣಕ್ಕೆ ಲೋಡ್ ಮಾಡಬಾರದು. ಕಳ್ಳತನ ಮಾಡಿ ಸಿಕ್ಕಿಬಿದ್ದರೆ ದಂಡ ಕಟ್ಟಿ, ಇಲ್ಲ ಆ ಊರು ಬಿಡಿ. ಬೇಕಾದ್ದು ಸಿಗುವವರೆಗೆ ಹಿಂದೆ ಮುಂದೆ ಮಾಡುತ್ತಾ ಕೂತರೆ ಆ ಐದು ರೀತಿಯ ಸಿಟ್ಟು, ಆ ಬೇರೆ ಬೇರೆ ದಾರಿ ಯಾವುದೂ ನಿಮಗೆ ಕಾಣುವುದೇ ಇಲ್ಲ. ಬರೆದವರ ಶ್ರಮ ಅಲ್ಲೇ ಕೊಳೆಯುತ್ತದೆ.

ಅಂಡರ್‌ಟೇಲ್ ಈ ವಿಷಯದಲ್ಲಿ ಎಲ್ಲರಿಗಿಂತ ಖಡಕ್. ಅದರಲ್ಲಿ ಯಾರನ್ನೂ ಕೊಲ್ಲದೆ ಮುಗಿಸಬಹುದು. ಕೊಂದು, ಬೇಸರವಾಗಿ, ಸೇವ್‌ಗೆ ವಾಪಸ್ ಹೋಗಿ ಈ ಸಲ ಕೊಲ್ಲದೆ ಬಿಟ್ಟಿರಿ ಅನ್ನಿ. ಆಟ ಅದನ್ನು ನೆನಪಿಟ್ಟುಕೊಂಡು ಮುಖದ ಮೇಲೆ ಹಂಗಿಸುತ್ತದೆ!

ಇನ್ನು ಫೈಲಿನ ಮಾತು. ಒಂದೇ ಸ್ಲಾಟ್‌ನಲ್ಲಿ ಸೇವ್ ಮಾಡುತ್ತಾ ಹೋಗಬೇಡಿ. ಸೇವ್ ಆಗುವ ಗಳಿಗೆಯಲ್ಲೇ ಕರೆಂಟ್ ಹೋದರೆ ಫೈಲ್ ಕೆಡಬಹುದು, ಬ್ಯಾಟರಿ ಸತ್ತ ಲ್ಯಾಪ್‌ಟಾಪ್‌ನಲ್ಲಂತೂ ಖಂಡಿತ ಈ ಭಯ ಇದೆ. ಮೂರು ಸ್ಲಾಟ್ ಸರದಿಯಲ್ಲಿ ಬಳಸಿ. ಹೊಸ ಊರಿಗೆ ಬಂದಾಗ ಬೇರೆ ಒಂದು. ಸ್ಟೀಮ್‌ನಲ್ಲಿ ಆಫ್‌ಲೈನ್ ಆಡಿದವರಿಗೆ ನೆಟ್ ಬಂದ ಮೇಲೆ ಕೆಲವೊಮ್ಮೆ ಒಂದು ಪ್ರಶ್ನೆ ಬರುತ್ತದೆ: ಕಂಪ್ಯೂಟರ್‌ನಲ್ಲಿರುವ ಸೇವ್ ಬೇಕೋ, ಕ್ಲೌಡ್‌ನಲ್ಲಿ (ಸ್ಟೀಮ್ ನೆಟ್‌ನಲ್ಲಿ ಇಟ್ಟ ಪ್ರತಿ) ಇರುವುದೋ? ದಿನಾಂಕ, ಸಮಯ ಎರಡೂ ತೋರಿಸುತ್ತಾರೆ. ಗಡಿಬಿಡಿಯಲ್ಲಿ ಕ್ಲೌಡ್ ಒತ್ತಿದರೆ ಮೂರು ದಿನದ ಆಟ ನೀರಿನಲ್ಲಿ ಹೋಮ. ಹೊಸ ದಿನಾಂಕದ್ದನ್ನು ಒತ್ತಿ.

ಹೆಜ್ಜೆ 9: ತೀರ್ಮಾನ

ಜೀನ್‌ಫೋರ್ಜ್ ಮೊದಲು ಬಂದದ್ದು 2001ರಲ್ಲಿ, ಹೊಸ ರೂಪ ಮ್ಯುಟಾಜೆನ್ ಬಂದದ್ದು 2021ರಲ್ಲಿ. ಶೇಪರ್‌ಗಳು ಅನ್ನುವ ಮಂತ್ರವಾದಿಗಳು ತಮ್ಮ ಶಕ್ತಿಯಿಂದ ಜೀವಿಗಳನ್ನೇ ಸೃಷ್ಟಿ ಮಾಡುತ್ತಾರೆ, ಅವರು ಬಿಟ್ಟು ಹೋದ ಒಂದು ದ್ವೀಪದಲ್ಲಿ ಕಥೆ ನಡೆಯುತ್ತದೆ. ನೀವೂ ಮಾಡಬಹುದು. ಶುರುವಿಗೆ ಫಯೋರಾ ಅಂತ ಬೆಂಕಿ ಉಗುಳುವ ಹಲ್ಲಿ. ಮಾಡಲು ಎಸೆನ್ಸ್ ಅನ್ನುವ ಮಂತ್ರಶಕ್ತಿ ಖರ್ಚಾಗುತ್ತದೆ. ಬೇಡವಾದಾಗ ಅದನ್ನು ಕರಗಿಸಿದರೆ ಎಸೆನ್ಸ್ ವಾಪಸ್ ಬರುತ್ತದೆ. ಲೆಕ್ಕಕ್ಕೆ ಸುಲಭ.

ಅಕ್ಕನ ಮಗ ರಜಕ್ಕೆ ಬಂದವನು ಪಕ್ಕದಲ್ಲಿ ಕೂತು ನೋಡುತ್ತಿದ್ದ. ನಮ್ಮ ಮೊದಲ ಫಯೋರಾಗೆ ಅವನು ಕೆಂಪ ಅಂತ ಹೆಸರಿಟ್ಟ. ದೊಡ್ಡ ಜೀವಿ ಮಾಡಲು ಎಸೆನ್ಸ್ ಸಾಲದೆ ಕೆಂಪನನ್ನು ಕರಗಿಸಲು ಹೋದೆ.

'ಮಾವ, ಅದೇನು ಮಾಡಿತ್ತು ನಿಮಗೆ?'

'ಏನೂ ಮಾಡಿಲ್ಲ ಕಣೋ. ಎಸೆನ್ಸ್ ಬೇಕಲ್ಲ.'

'ಹಾಗಾದ್ರೆ ಇರಲಿ ಬಿಡಿ.'

ಕೆಂಪ ಉಳಿಯಿತು. ಮುಂದೆ ಹೋದಾಗ ಕ್ಯಾನಿಸ್ಟರ್ ಅನ್ನುವ ಒಂದು ಡಬ್ಬಿ ಸಿಕ್ಕಿತು, ಬಳಸಿದರೆ ಪುಕ್ಕಟೆ ಶಕ್ತಿ.

'ಅದನ್ನ ಮುಟ್ಟಬೇಡಿ ಮಾವ. ಶೇಪರ್‌ಗಳೇ ಈ ದ್ವೀಪ ಬೇಡ ಅಂತ ಎಲ್ಲ ಬಿಟ್ಟು ಹೋಗಿದಾರೆ. ಸುಮ್ನೆ ಬಿಟ್ಟು ಹೋಗ್ತಾರಾ?'

ಹುಡುಗ ಹೇಳಿದ್ದು ಸರಿ. ಕ್ಯಾನಿಸ್ಟರ್ ಜಾಸ್ತಿ ಬಳಸಿದಷ್ಟೂ ನಿಮ್ಮ ಪಾತ್ರಕ್ಕೆ ಬಲದ ಜೊತೆ ಅಹಂಕಾರವೂ ಏರುತ್ತದೆ, ಕೊನೆಯಲ್ಲಿ ಕಥೆ ಮುಗಿಯುವ ರೀತಿಯೂ ಬದಲಾಗುತ್ತದೆ.

ಆ ದ್ವೀಪದಲ್ಲಿ ಸರ್ವೈಲ್‌ಗಳು ಅನ್ನುವ ಜನ ಇದ್ದಾರೆ. ಶೇಪರ್‌ಗಳು ಕೆಲಸಕ್ಕೆಂದೇ ಮಾಡಿ, ಆಮೇಲೆ ಬಿಟ್ಟು ಹೋದವರು. ಮೂರು ಗುಂಪಾಗಿದ್ದಾರೆ. ಒಡೆಯರು ದೇವರು, ಬಂದೇ ಬರುತ್ತಾರೆ ಅನ್ನುವವರು ಒಬೇಯರ್‌ಗಳು. ನಾವೂ ಅವರೂ ಸಮ ಅನ್ನುವವರು ಅವೇಕನ್ಡ್. ಒಡೆಯರನ್ನು ಕಂಡರೆ ಕೊಲ್ಲಬೇಕು ಅನ್ನುವವರು ಟೇಕರ್‌ಗಳು. ನೀವು ಕಾಲಿಡುವುದು ಒಡೆಯರ ಕಡೆಯವರಾಗಿ. ಎಸ್ಟೇಟ್‌ನ ಕೂಲಿಯವರ ಲೈನ್ ಮನೆಗಳನ್ನು ನೋಡಿ ಬೆಳೆದ ನಮ್ಮಂಥವರಿಗೆ ಈ ಮೂರೂ ಮಾತು ಎಲ್ಲೋ ಕೇಳಿದ ಹಾಗಿರುತ್ತದೆ. ಮೂವರ ಮಾತನ್ನೂ ಪೂರ್ತಿ ಓದಿ. ಅರ್ಧ ಓದಿ ಒಂದು ಕಡೆ ಸೇರಬೇಡಿ. ಲೀಡರ್‌ಶಿಪ್ ಅನ್ನುವ ಕೌಶಲಕ್ಕೆ ಪಾಯಿಂಟ್ ಹಾಕಿದರೆ ಕತ್ತಿ ಎತ್ತದೆ ಮಾತಿನಲ್ಲೇ ಬಗೆಹರಿಸುವ ದಾರಿಗಳು ತೆರೆಯುತ್ತವೆ. ಮೆಕ್ಯಾನಿಕ್ಸ್‌ಗೂ ಸ್ವಲ್ಪ ಇರಲಿ, ಬೀಗಗಳಿಗೆ ಬೇಕು. ಒಂದು ಕಡೆ ಸೇರಿದ ಮೇಲೆ ಕೊನೆವರೆಗೂ ನಿಲ್ಲಿ. ಇನ್ನೊಂದು ಕಡೆ ಏನಿದೆ ನೋಡಬೇಕು ಅನಿಸಿದರೆ ಮುಂದಿನ ವರ್ಷ ಮೊದಲಿಂದ ಆಡಿ.

ಹೆಜ್ಜೆ 10: ಸಿಕ್ಕಿಹಾಕಿಕೊಂಡರೆ

ಮೊದಲು ನೋಟ್‌ಬುಕ್ ತಿರುವಿ. ಉತ್ತರ ಬಹಳ ಸಲ ಅಲ್ಲೇ ಇರುತ್ತದೆ, ಯಾರೋ ಹೇಳಿದ್ದನ್ನು ಮರೆತಿರುತ್ತೀರಿ. ಆಮೇಲೆ ನಕ್ಷೆಯ ಅಂಚುಗಳನ್ನು ನೋಡಿ, ಹಳೇ ಊರಿನ ಜನರನ್ನು ಇನ್ನೊಮ್ಮೆ ಮಾತಾಡಿಸಿ. ಆಗಲೂ ಆಗದಿದ್ದರೆ ಮಲಗಿ. ಬೆಳಗ್ಗೆಯೂ ಹೊಳೆಯದಿದ್ದರೆ ವಾಕ್‌ಥ್ರೂ (ಆಟ ದಾಟುವ ದಾರಿ ಬರೆದಿಟ್ಟ ಪುಟ) ತೆಗೆದು ಆ ಒಂದು ಜಾಗದ ಮಾತಷ್ಟೇ ಓದಿ ಮುಚ್ಚಿ. ವಿಡಿಯೋ ಬೇಡವೇ ಬೇಡ. ವಿಡಿಯೋದಲ್ಲಿ ಒಂದು ಬಾಗಿಲು ತೆರೆಯುವುದನ್ನು ನೋಡಲು ಹೋದವರಿಗೆ ಕೊನೆಯ ಶತ್ರು ಯಾರು ಅನ್ನುವುದೂ ಗೊತ್ತಾಗಿರುತ್ತದೆ.

ಆಟವೇ ಹಿಡಿಸುತ್ತಿಲ್ಲ ಅಂದ್ರೆ ಬಿಡಿ. ಕೊಂಡಿದ್ದೇನೆ ಅಂತ ಮುಗಿಸಲೇಬೇಕಾಗಿಲ್ಲ.

ಇದಾದ ಮೇಲೆ

ಕಾಳಗ ಹಿಡಿಸಿದವರಿಗೆ ಬ್ಯಾಟಲ್ ಬ್ರದರ್ಸ್, 2017ರದ್ದು, ಜರ್ಮನಿಯ ಸಣ್ಣ ತಂಡದ್ದು. ಬಾಡಿಗೆ ಸೈನಿಕರ ಗುಂಪು ನಡೆಸಬೇಕು, ಮೀನುಗಾರನೂ ದರ್ಜಿಯೂ ಬಂದು ಸೇರುತ್ತಾರೆ, ಬೇಗ ಸಾಯುತ್ತಾರೆ. ವಿಚಿತ್ರ ಬೇಕು ಅನ್ನುವವರಿಗೆ ಕೇವ್ಸ್ ಆಫ್ ಕುಡ್. ವರ್ಷಗಟ್ಟಲೆ ಬೆಳೆಯುತ್ತಾ ಬಂದು 2024ರ ಡಿಸೆಂಬರ್‌ನಲ್ಲಿ 1.0, ಅಂದ್ರೆ ಪೂರ್ಣ ಆವೃತ್ತಿ ಆಯಿತು. ಗಿಡದ ಜೊತೆಗೂ ಮಾತಾಡಬಹುದು, ಗೋಡೆ ಅಗೆದು ಹೋಗಬಹುದು. ದುಡ್ಡು ಕೊಡದೆ ದೊಡ್ಡ ಆಟ ಬೇಕಾದವರಿಗೆ ಟೇಲ್ಸ್ ಆಫ್ ಮಜೆಯಾಲ್, ಅದರ ಸ್ವಂತ ಸೈಟ್‌ನಲ್ಲಿ ಉಚಿತ. ಡಾರ್ಕೆಸ್ಟ್ ಡಂಜನ್‌ಗೂ ಈಗ ಹೋಗಬಹುದು. ಅಲ್ಲಿ ನೀವು ಬೇಕೆಂದಾಗ ಸೇವ್ ಮಾಡುವ ಸೌಕರ್ಯವೇ ಇಲ್ಲ, ಎಂಟನೇ ಹೆಜ್ಜೆಯ ನಿಯಮವನ್ನು ಆಟವೇ ಪಾಲಿಸುತ್ತದೆ.

ಅವರ್ನಮ್, ಜೀನ್‌ಫೋರ್ಜ್ ಥರದ ಉದ್ದನೆಯ ಕಥೆಗಳನ್ನು ಅಕ್ಟೋಬರ್ ಒಳಗೆ ಮುಗಿಸುವ ಹಾಗೆ ನೋಡಿಕೊಳ್ಳಿ. ನವೆಂಬರ್‌ನಲ್ಲಿ ಅರೇಬಿಕಾ ಕೊಯ್ಲು ಶುರುವಾದರೆ ಎರಡು ಮೂರು ವಾರ ಕೂರೋಕೆ ಆಗಲ್ಲ, ವಾಪಸ್ ಬಂದಾಗ ಯಾರು ಯಾರ ಕಡೆ ಅನ್ನುವುದೇ ಮರೆತಿರುತ್ತದೆ. ಕೊಯ್ಲಿನ ಕಾಲಕ್ಕೆ ಫೋನಿನಲ್ಲಿ ಶಾಟರ್ಡ್ ಪಿಕ್ಸೆಲ್ ಡಂಜನ್ ಸಾಕು. ತೂಕದ ಲೆಕ್ಕ ಬರೆದು ಮುಗಿಸಿ ಮಲಗುವ ಮುಂಚೆ ಒಂದು ಸುತ್ತು ಇಳಿಯಬಹುದು. ನಾಲ್ಕನೇ ಮಹಡಿಯಲ್ಲೇ ಸತ್ತರೂ ನಷ್ಟವಿಲ್ಲ.